ಹತ್ತು ಯಂತ್ರಗಳ ಕೆಲಸ ಒಂದೇ ಕಾಲಂನಲ್ಲಿ: ಈಸ್ಟ್‌ಮನ್‌ನ ಮೆಥೈಲ್ ಅಸಿಟೇಟ್ ಪ್ರಕರಣ

ಅಸಿಟಿಕ್ ಆಸಿಡ್‌ಗೆ ಮೆಥನಾಲ್ ಬೆರೆಸಿ, ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಹಾಕಿ ಬಿಸಿ ಮಾಡಿದರೆ ಮೆಥೈಲ್ ಅಸಿಟೇಟ್ ಅನ್ನುವ ಎಸ್ಟರ್ ಬರುತ್ತದೆ, ಜೊತೆಗೆ ನೀರು. ಪಿಯುಸಿ ಲ್ಯಾಬಿನಲ್ಲಿ ಎಸ್ಟರ್ ಪರೀಕ್ಷೆ ಮಾಡಿದವರಿಗೆಲ್ಲ ಈ ಜಾತಿಯ ಕ್ರಿಯೆ ಗೊತ್ತು. ಟೆಸ್ಟ್ ಟ್ಯೂಬಿನಿಂದ ಹಣ್ಣಿನ ವಾಸನೆ ಬಂದರೆ ಅಲ್ಲಿಗೆ ಕೆಲಸ ಮುಗಿಯಿತು. ಕಾರ್ಖಾನೆಯಲ್ಲಿ ಮಾತ್ರ ಆ ವಾಸನೆ ಬಂದ ಮೇಲೆಯೇ ನಿಜವಾದ ಕಷ್ಟ ಶುರುವಾಗುತ್ತದೆ, ಯಾಕೆಂದರೆ ಕ್ರಿಯೆ ಅರ್ಧದಾರಿ ದಾಟಿ ಒಂದು ಕಡೆ ನಿಂತುಬಿಡುತ್ತದೆ, ಮತ್ತು ನಿಂತಲ್ಲಿ ನಾಲ್ಕು ವಸ್ತುಗಳೂ ಒಂದರೊಳಗೊಂದು ಬೆರೆತು ಕೂತಿರುತ್ತವೆ.

ಅಮೆರಿಕದ ಟೆನೆಸ್ಸಿ ರಾಜ್ಯದ ಕಿಂಗ್ಸ್‌ಪೋರ್ಟ್‌ನಲ್ಲಿ ಈಸ್ಟ್‌ಮನ್ ಕಂಪನಿಯ ಎಂಜಿನಿಯರುಗಳು ಇದನ್ನು ಬಿಡಿಸಿದ ರೀತಿ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಬಹಳ ಹೆಸರು ಮಾಡಿದ ಪ್ರಕರಣ. ಹೆಸರೇನೋ ತುಂಬಾ ಜನಕ್ಕೆ ಗೊತ್ತು. "ರಿಯಾಕ್ಟಿವ್ ಡಿಸ್ಟಿಲೇಶನ್‌ಗೆ ಉದಾಹರಣೆ ಕೊಡಿ" ಅಂದರೆ ಥಟ್ ಅಂತ ಇದೇ ಉತ್ತರ ಬರುತ್ತದೆ. ಕ್ರಿಯೆ ನಡೆಸುವುದು, ಬಟ್ಟಿ ಇಳಿಸುವುದು ಎರಡನ್ನೂ ಒಂದೇ ಕಡೆ ಮಾಡುವುದಕ್ಕೆ ಆ ಹೆಸರು. ಆದರೆ ಆ ಕಾಲಂನ (ಬಟ್ಟಿ ಇಳಿಸುವ ಎತ್ತರದ ಗೋಪುರದ) ಒಳಗೆ ಏನು ನಡೆಯುತ್ತದೆ, ಯಾಕೆ ಅದು ಕೆಲಸ ಮಾಡಿತು ಅನ್ನುವುದನ್ನು ಪಾಠಗಳಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ: "ಉತ್ಪನ್ನವನ್ನು ತೆಗೆಯುತ್ತಾ ಹೋದರೆ ಸಮತೋಲನ ಮುಂದಕ್ಕೆ ಸರಿಯುತ್ತದೆ." ಮಾತು ಸರಿಯೇ. ಆದರೆ ಅಷ್ಟೇ ಹೇಳಿದರೆ ಕಥೆಯ ಅರ್ಧ ಭಾಗ ಬಿಟ್ಟುಹೋಗುತ್ತದೆ. ಬೇರ್ಪಡಿಸುವ ಕೆಲಸ ಕ್ರಿಯೆಗೆ ಸಹಾಯ ಮಾಡಿತು, ಹೌದು. ಅದರ ಜೊತೆಗೆ ಕ್ರಿಯೆಯೂ ಬೇರ್ಪಡಿಸುವ ಕೆಲಸವನ್ನು ಹಗುರ ಮಾಡಿತು. ಈ ಎರಡನೆಯ ಭಾಗಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೆಥೈಲ್ ಅಸಿಟೇಟ್ ಯಾಕೆ ಬೇಕಾಗಿತ್ತು

ಕಿಂಗ್ಸ್‌ಪೋರ್ಟ್‌ನ ಕಾರ್ಖಾನೆ ಹಳೆಯದು. ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ 1920ರಲ್ಲಿ ಅದನ್ನು ಶುರು ಮಾಡಿದ್ದು ಫೋಟೋ ಫಿಲ್ಮ್‌ಗೆ ಬೇಕಾದ ಮೆಥನಾಲ್‌ಗಾಗಿ. ಆಗ ಮೆಥನಾಲ್ ಅನ್ನು ಕಟ್ಟಿಗೆಯಿಂದ ತೆಗೆಯುತ್ತಿದ್ದರು. ಮುಂದೆ ಅಲ್ಲಿ ಸೆಲ್ಯುಲೋಸ್ ಅಸಿಟೇಟ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಫಿಲ್ಮ್‌ಗೂ ಅದೇ, ಸಿಗರೇಟಿನ ಫಿಲ್ಟರ್‌ಗೂ ಅದೇ. ಸೆಲ್ಯುಲೋಸ್ ಅಸಿಟೇಟ್ ಮಾಡಲು ಅಸಿಟಿಕ್ ಅನ್‌ಹೈಡ್ರೈಡ್ ಬೇಕು, ಅದೂ ರಾಶಿ ರಾಶಿ.

1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಕಂಪನಿಯವರು ಹತ್ತಿರದ ಅಪಲಾಚಿಯನ್ ಬೆಟ್ಟಗಳ ಕಲ್ಲಿದ್ದಲಿನ ಕಡೆ ನೋಡಿದರು. ಕಲ್ಲಿದ್ದಲನ್ನು ಅನಿಲ ಮಾಡುವುದು, ಆ ಅನಿಲದಿಂದ ಮೆಥನಾಲ್, ಮೆಥನಾಲ್ ಮತ್ತು ಅಸಿಟಿಕ್ ಆಸಿಡ್‌ನಿಂದ ಮೆಥೈಲ್ ಅಸಿಟೇಟ್, ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಸೇರಿಸಿ ಅಸಿಟಿಕ್ ಅನ್‌ಹೈಡ್ರೈಡ್. 1983ರಲ್ಲಿ ಈ ಸರಣಿ ಪೂರ್ತಿ ಓಡತೊಡಗಿತು. ಇದರಲ್ಲೊಂದು ಚೆಂದದ ಸುತ್ತು ಇದೆ: ಅನ್‌ಹೈಡ್ರೈಡ್ ಸೆಲ್ಯುಲೋಸ್ ಜೊತೆ ಸೇರಿದಾಗ ಅಸಿಟಿಕ್ ಆಸಿಡ್ ವಾಪಸ್ ಹೊರಬರುತ್ತದೆ. ಆ ಆಸಿಡ್ ಅನ್ನೇ ಮತ್ತೆ ಮೆಥನಾಲ್ ಜೊತೆ ಸೇರಿಸಿ ಮೆಥೈಲ್ ಅಸಿಟೇಟ್ ಮಾಡಬಹುದು. ಅಂದರೆ ಈ ಎಸ್ಟರ್ ಘಟಕ ನಿಂತರೆ ಸುತ್ತು ಪೂರ್ತಿ ಕಡಿದುಹೋಗುತ್ತದೆ.

ಶುದ್ಧತೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಮುಂದಿನ ಹಂತದಲ್ಲಿ ತಯಾರಾಗುವುದು ಅನ್‌ಹೈಡ್ರೈಡ್, ಅದಕ್ಕೆ ನೀರು ಕಂಡರೆ ಆಗುವುದಿಲ್ಲ. 18 ಕೆ.ಜಿ. ನೀರು ಒಳಗೆ ಹೋದರೆ 102 ಕೆ.ಜಿ. ಅನ್‌ಹೈಡ್ರೈಡ್ ಮತ್ತೆ ಆಸಿಡ್ ಆಗಿಬಿಡುತ್ತದೆ. ಮೆಥನಾಲ್ ಉಳಿದುಕೊಂಡರೂ ಅದೇ ಗತಿ, ಅದು ಅನ್‌ಹೈಡ್ರೈಡ್ ಅನ್ನು ತಿಂದು ಮತ್ತೆ ಎಸ್ಟರ್ ಮತ್ತು ಆಸಿಡ್ ಮಾಡುತ್ತದೆ. ಹಾಗಾಗಿ ನೀರೂ ಇರಬಾರದು, ಮೆಥನಾಲೂ ಇರಬಾರದು.

ಕ್ರಿಯೆ ಎಲ್ಲಿ ನಿಲ್ಲುತ್ತದೆ

ಈಗ ಲೆಕ್ಕ ನೋಡೋಣ. ಈ ಕ್ರಿಯೆಯ ಸಮತೋಲನ ಸ್ಥಿರಾಂಕ (ಕ್ರಿಯೆ ನಿಂತಾಗ ಉತ್ಪನ್ನಗಳ ಪ್ರಮಾಣಗಳ ಗುಣಲಬ್ಧವನ್ನು ಉಳಿದ ಕಚ್ಚಾವಸ್ತುಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆ) ಸುಮಾರು 5. ಲೆಕ್ಕಕ್ಕೆ 5.2 ಅಂತ ಇಟ್ಟುಕೊಳ್ಳಿ. ಆಸಿಡ್ ಮತ್ತು ಮೆಥನಾಲ್ ಅನ್ನು ಮೋಲ್ ಲೆಕ್ಕದಲ್ಲಿ, ಅಂದರೆ ಅಣುಗಳ ಸಂಖ್ಯೆಯಲ್ಲಿ, ಸರಿಸಮ ಹಾಕಿ, ಮುಚ್ಚಿದ ಪಾತ್ರೆಯಲ್ಲಿ ಎಷ್ಟು ಹೊತ್ತು ಕಾದರೂ ಕ್ರಿಯೆ ಸುಮಾರು ಶೇ. 70ಕ್ಕೆ ಬಂದು ನಿಲ್ಲುತ್ತದೆ.

ತೂಕದಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. 1000 ಕೆ.ಜಿ. ಅಸಿಟಿಕ್ ಆಸಿಡ್‌ಗೆ 534 ಕೆ.ಜಿ. ಮೆಥನಾಲ್ ಬೇಕು. ಪೂರ್ತಿ ಕ್ರಿಯೆ ನಡೆದರೆ 1234 ಕೆ.ಜಿ. ಎಸ್ಟರ್, 300 ಕೆ.ಜಿ. ನೀರು ಸಿಗಬೇಕು. ಸಿಗುವುದೇನು? ಎಸ್ಟರ್ ಸುಮಾರು 860, ನೀರು 210, ಉಳಿದ ಆಸಿಡ್ 305, ಉಳಿದ ಮೆಥನಾಲ್ 160. ಎಲ್ಲವೂ ಒಂದೇ ದ್ರವದಲ್ಲಿ.

ವೇಗವರ್ಧಕ, ಅಂದರೆ ಸಲ್ಫ್ಯೂರಿಕ್ ಆಸಿಡ್, ಜಾಸ್ತಿ ಹಾಕಿದರೆ? ಅದೇ 70ಕ್ಕೆ ಬೇಗ ಬರುತ್ತದೆ, ಅಷ್ಟೇ. ಶಾಖ ಹೆಚ್ಚಿಸಿದರೂ ದೊಡ್ಡ ವ್ಯತ್ಯಾಸವಿಲ್ಲ, ಈ ಕ್ರಿಯೆಯಲ್ಲಿ ಹೊರಬರುವ ಶಾಖವೇ ಕಡಿಮೆ. ಉಳಿದ ದಾರಿ ಅಂದರೆ ಒಂದು ಕಚ್ಚಾವಸ್ತುವನ್ನು ಜಾಸ್ತಿ ಸುರಿಯುವುದು. ಮೆಥನಾಲ್ ಅನ್ನು ಎರಡು ಪಟ್ಟು ಹಾಕಿದರೆ ಆಸಿಡ್‌ನ ಶೇ. 87 ಬಳಕೆಯಾಗುತ್ತದೆ. ಹತ್ತು ಪಟ್ಟು ಹಾಕಿದರೆ ಶೇ. 98. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆಗ 1000 ಕೆ.ಜಿ. ಆಸಿಡ್‌ನ ಜೊತೆಗೆ 5300 ಕೆ.ಜಿ. ಮೆಥನಾಲ್ ಒಳಗೆ ಹೋಗಿ, ಅದರಲ್ಲಿ 4800 ಕೆ.ಜಿ.ಯಷ್ಟು ಸುಮ್ನೆ ಹಾಗೇ ಹೊರಬರುತ್ತದೆ. ಅಷ್ಟನ್ನೂ ಬೇರ್ಪಡಿಸಿ, ಒಣಗಿಸಿ, ಮತ್ತೆ ಮೊದಲಿಗೆ ತರಬೇಕು. ಉಗಿಯ ಖರ್ಚೇ ನುಂಗಿಹಾಕುತ್ತದೆ. ಸರಿಸಮ ಹಾಕಿಯೇ ಶೇ. 99 ಮುಟ್ಟಬೇಕು ಅಂದರೆ ಸ್ಥಿರಾಂಕ 5 ಇದ್ದರೆ ಸಾಲದು, 9801 ಇರಬೇಕು!

ಅಂಟಿಕೊಂಡ ಜೋಡಿಗಳು

ಸರಿ, 70ಕ್ಕೆ ನಿಂತ ಮಿಶ್ರಣವನ್ನು ಬಟ್ಟಿ ಇಳಿಸಿ ಬೇರೆ ಮಾಡೋಣ ಅಂದುಕೊಳ್ಳಿ. ಕುದಿಬಿಂದುಗಳನ್ನು ನೋಡಿದರೆ ಸುಲಭ ಅನ್ನಿಸುತ್ತದೆ: ಮೆಥೈಲ್ ಅಸಿಟೇಟ್ 57 ಡಿಗ್ರಿ, ಮೆಥನಾಲ್ 64.7, ನೀರು 100, ಅಸಿಟಿಕ್ ಆಸಿಡ್ 118. ಒಂದೊಂದಕ್ಕೂ ಸಾಕಷ್ಟು ಅಂತರ ಇದೆ. ಆದರೆ ಮೆಥೈಲ್ ಅಸಿಟೇಟ್ ಮತ್ತು ಮೆಥನಾಲ್ ಅಜಿಯೋಟ್ರೋಪ್ ಆಗುತ್ತವೆ, ಅಂದರೆ ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಸೇರಿ ಒಂದೇ ವಸ್ತುವಿನ ಹಾಗೆ ಸುಮಾರು 54 ಡಿಗ್ರಿಯಲ್ಲಿ ಕುದಿಯುತ್ತವೆ. ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ. ಅದರಲ್ಲಿ ತೂಕದ ಲೆಕ್ಕದಲ್ಲಿ ಐದರಲ್ಲೊಂದು ಭಾಗದ ಹತ್ತಿರ ಮೆಥನಾಲ್. ನಮ್ಮ ಮಿಶ್ರಣದಲ್ಲಿ ಉಳಿದ 160 ಕೆ.ಜಿ. ಮೆಥನಾಲ್ ತನ್ನ ಜೊತೆ 680 ಕೆ.ಜಿ.ಯಷ್ಟು ಎಸ್ಟರ್ ಅನ್ನು ಹಿಡಿದುಕೊಂಡು ಮೇಲೆ ಹೋಗುತ್ತದೆ. ಬಂದಿದ್ದೇ 860! ಮೆಥೈಲ್ ಅಸಿಟೇಟ್ ನೀರಿನ ಜೊತೆಗೂ ಇದೇ ರೀತಿ ಇನ್ನೊಂದು ಅಜಿಯೋಟ್ರೋಪ್ ಮಾಡಿಕೊಳ್ಳುತ್ತದೆ.

ಕೆಳಗೆ ಉಳಿಯುವ ನೀರು ಮತ್ತು ಅಸಿಟಿಕ್ ಆಸಿಡ್‌ನದು ಬೇರೆ ಕಥೆ. ಅಲ್ಲಿ ಅಜಿಯೋಟ್ರೋಪ್ ಇಲ್ಲ, ಕುದಿಬಿಂದುವಿನಲ್ಲಿ 18 ಡಿಗ್ರಿ ವ್ಯತ್ಯಾಸವೂ ಇದೆ. ಆದರೂ ನೀರು ಶುದ್ಧವಾಗುತ್ತಾ ಬಂದ ಹಾಗೆ ಆವಿಗೂ ದ್ರವಕ್ಕೂ ವ್ಯತ್ಯಾಸ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಯ ಸ್ವಲ್ಪ ಆಸಿಡ್ ತೆಗೆಯಲು ಉದ್ದನೆಯ ಕಾಲಂ ಬೇಕು, ಉಗಿ ವಿಪರೀತ ಬೇಕು. ಅಸಿಟಿಕ್ ಆಸಿಡ್ ಜೊತೆ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಈ ಜೋಡಿಯ ಬಗ್ಗೆ ಒಳ್ಳೆಯ ಮಾತು ಬರುವುದಿಲ್ಲ. ಹಾಗಾಗಿ ಮೂರನೆಯ ದ್ರಾವಕ ತಂದು ಹಾಕಿ, ಅದನ್ನು ಮತ್ತೆ ಬೇರೆ ಮಾಡುವ ವ್ಯವಸ್ಥೆ ಕಟ್ಟುತ್ತಾರೆ.

ಇವೆಲ್ಲ ಸೇರಿ ಹಳೆಯ ಪದ್ಧತಿಯ ಘಟಕದಲ್ಲಿ ಎರಡು ರಿಯಾಕ್ಟರ್ (ಕ್ರಿಯೆ ನಡೆಯುವ ಪಾತ್ರೆ), ಅವುಗಳ ಹಿಂದೆ ಎಂಟು ಕಾಲಂ ಬೇಕಾಗುತ್ತಿದ್ದವು. ಕೆಲವು ವಿನ್ಯಾಸಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ. ಪ್ರತಿಯೊಂದು ಕಾಲಂಗೂ ಅದರದೇ ರೀಬಾಯ್ಲರ್ (ಕೆಳಗೆ ಕುದಿಸುವುದು), ಕಂಡೆನ್ಸರ್ (ಮೇಲೆ ಆವಿ ತಣಿಸುವುದು), ಪಂಪುಗಳು. ರಿಯಾಕ್ಟರ್ ಶೇ. 30 ಕೆಲಸ ಬಾಕಿ ಇಟ್ಟಿದ್ದಕ್ಕೆ ಹಿಂದೆ ನಿಂತ ಅಷ್ಟೂ ಕಾಲಂಗಳು ದಂಡ ಕಟ್ಟುತ್ತಿದ್ದವು.

ಕಾಲಂನ ಒಳಗೆ

ಈಸ್ಟ್‌ಮನ್‌ನ ವಿಕ್ಟರ್ ಅಗ್ರೆಡಾ ಮತ್ತು ಲೀ ಪಾರ್ಟಿನ್ ಅವರ ಹೆಸರಿನಲ್ಲಿ 1984ರಲ್ಲಿ ಬಂದ ಪೇಟೆಂಟ್‌ನಲ್ಲಿ ಇಡೀ ಕೆಲಸ ಒಂದು ಕಾಲಂನಲ್ಲಿ ನಡೆಯುತ್ತದೆ. ಬಟ್ಟಿ ಇಳಿಸುವಾಗಲೇ ಎಸ್ಟರ್ ಮಾಡುವ ಯೋಚನೆ ಹೊಸದೇನಲ್ಲ. 1920ರ ದಶಕದ ಆರಂಭದಲ್ಲೇ ಬ್ಯಾಕ್‌ಹೌಸ್ ಎಂಬುವವರು ಅದಕ್ಕೆ ಪೇಟೆಂಟ್ ಪಡೆದಿದ್ದರು. ಹೊಸದಾಗಿದ್ದು ಏನು ಅಂದರೆ ಯಾವ ವಸ್ತುವನ್ನು ಯಾವ ಎತ್ತರದಲ್ಲಿ ಒಳಗೆ ಬಿಡಬೇಕು ಅನ್ನುವ ಲೆಕ್ಕ. ನನ್ನ ಪ್ರಕಾರ ಜಾಣತನ ಇರುವುದು ಪೂರ್ತಿ ಅಲ್ಲೇ.

ಒಂದು ಎತ್ತರದ ಕಾಲಂ. ಒಳಗೆ ಒಂದರ ಮೇಲೊಂದು ಟ್ರೇಗಳು. ಆವಿ ಕೆಳಗಿನಿಂದ ಮೇಲಕ್ಕೆ, ದ್ರವ ಮೇಲಿನಿಂದ ಕೆಳಕ್ಕೆ. ಅಸಿಟಿಕ್ ಆಸಿಡ್ ಭಾರದ್ದು, ಅದನ್ನು ಮೇಲ್ಭಾಗದಲ್ಲಿ ಬಿಡುತ್ತಾರೆ, ಕೆಳಗೆ ಇಳಿಯುತ್ತದೆ. ಮೆಥನಾಲ್ ಹಗುರ, ಅದನ್ನು ಕೆಳಭಾಗದಲ್ಲಿ ಬಿಡುತ್ತಾರೆ, ಆವಿಯಾಗಿ ಮೇಲೇರುತ್ತದೆ. ಸಲ್ಫ್ಯೂರಿಕ್ ಆಸಿಡ್ ಒಳಬರುವುದು ಅಸಿಟಿಕ್ ಆಸಿಡ್‌ಗಿಂತ ಸ್ವಲ್ಪ ಕೆಳಗೆ. ಎರಡೂ ಕಚ್ಚಾವಸ್ತು ಒಟ್ಟಾರೆ ಸರಿಸಮ ಪ್ರಮಾಣದಲ್ಲೇ ಒಳಗೆ ಹೋಗುತ್ತವೆ.

ಎದುರು ಬದುರು ಹರಿಯುವುದರಿಂದ ಏನಾಗುತ್ತದೆ ಅಂತ ನಿಧಾನವಾಗಿ ನೋಡಿ. ಕ್ರಿಯೆ ನಡೆಯುವ ಭಾಗದ ಕೆಳತುದಿಗೆ ಇಳಿದು ಬರುವ ದ್ರವದಲ್ಲಿ ಜಾಸ್ತಿ ಇರುವುದು ನೀರು, ಆಸಿಡ್ ಉಳಿದಿರುವುದು ಚೂರುಪಾರು. ಆ ಚೂರುಪಾರು ಆಸಿಡ್‌ಗೆ ಅಲ್ಲಿ ಎದುರಾಗುವುದು ಆಗಷ್ಟೇ ಒಳಬಂದ ತಾಜಾ ಮೆಥನಾಲ್, ಅದಕ್ಕೆ ಹೋಲಿಸಿದರೆ ಹತ್ತಾರು ಪಟ್ಟು. ಅಂದರೆ ಆ ಟ್ರೇಯಲ್ಲಿ ಮೆಥನಾಲ್ ಸಿಕ್ಕಾಪಟ್ಟೆ ಹೆಚ್ಚು. ಮೇಲ್ತುದಿಯಲ್ಲಿ ಇದರ ತದ್ವಿರುದ್ಧ. ಮೇಲೇರಿ ಬರುವ ಆವಿಯಲ್ಲಿ ಮೆಥನಾಲ್ ಚೂರುಪಾರು ಉಳಿದಿರುತ್ತದೆ, ಅದಕ್ಕೆ ಎದುರಾಗುವುದು ತಾಜಾ ಆಸಿಡ್. ಬಟ್ಟೆ ಒಗೆಯುವಾಗ ಕೊನೆಯ ಸಲ ಜಾಲಿಸಲು ಶುದ್ಧ ನೀರನ್ನೇ ಇಟ್ಟುಕೊಳ್ಳುತ್ತೇವಲ್ಲ, ಇಲ್ಲಿ ಎರಡೂ ತುದಿಯಲ್ಲಿ ಹಾಗೆ. ಮೇಲ್ತುದಿಯಲ್ಲಿ ಆಸಿಡ್ ಹೆಚ್ಚು, ಕೆಳತುದಿಯಲ್ಲಿ ಮೆಥನಾಲ್ ಹೆಚ್ಚು, ಒಟ್ಟಾರೆ ನೋಡಿದರೆ ಯಾವುದೂ ಹೆಚ್ಚಿಲ್ಲ. ಹತ್ತು ಪಟ್ಟು ಸುರಿದರೆ ಸಿಗುವ ಲಾಭ ಸರಿಸಮ ಹಾಕಿಯೇ ಸಿಕ್ಕಿತು, ವಾಪಸ್ ತರಬೇಕಾದ 4800 ಕೆ.ಜಿ. ಮೆಥನಾಲ್ ಇಲ್ಲವೇ ಇಲ್ಲ.

ಮಧ್ಯದಲ್ಲಿ ಹುಟ್ಟಿದ ಎಸ್ಟರ್ ಆವಿಯಾಗಿ ಮೇಲೆ ಹೋಗುತ್ತದೆ, ನೀರು ಕೆಳಗೆ ಹೋಗುತ್ತದೆ. ಎರಡೂ ಉತ್ಪನ್ನಗಳು ಒಂದರಿಂದ ಒಂದು ದೂರ ಸರಿಯುವುದರಿಂದ ಹಿಂದಕ್ಕೆ ನಡೆಯುವ ಕ್ರಿಯೆಗೆ ಜೋಡಿಯೇ ಸಿಗುವುದಿಲ್ಲ. ಪಾಠದಲ್ಲಿ ಹೇಳುವ ಎರಡು ಸಾಲು ಇದೇ.

ಇನ್ನು ಮೊದಲು ಹೇಳಿದ ಎರಡನೆಯ ಭಾಗ. ಕ್ರಿಯೆ ನಡೆಯುವ ಭಾಗದಿಂದ ಮೇಲೇರುವ ಆವಿ ಶುದ್ಧ ಎಸ್ಟರ್ ಅಲ್ಲ. ಅದರಲ್ಲಿ ನೀರಿದೆ, ಸ್ವಲ್ಪ ಮೆಥನಾಲ್ ಇದೆ, ಅದೇ ಹಟಮಾರಿ ಅಜಿಯೋಟ್ರೋಪ್‌ಗಳು. ಸಲ್ಫ್ಯೂರಿಕ್ ಆಸಿಡ್ ಬರುವ ಜಾಗಕ್ಕೂ ಅಸಿಟಿಕ್ ಆಸಿಡ್ ಬರುವ ಜಾಗಕ್ಕೂ ನಡುವೆ ಕೆಲವು ಟ್ರೇಗಳನ್ನು ಬಿಟ್ಟಿದ್ದಾರೆ. ಅಲ್ಲಿ ವೇಗವರ್ಧಕ ಇಲ್ಲ, ಇಳಿಯುತ್ತಿರುವುದು ತಾಜಾ ಅಸಿಟಿಕ್ ಆಸಿಡ್. ಆಸಿಡ್‌ಗೆ ನೀರು ಮತ್ತು ಮೆಥನಾಲ್ ಅಂದರೆ ಒಲವು, ಹೈಡ್ರೋಜನ್ ಬಂಧದಿಂದ ಎರಡನ್ನೂ ಹಿಡಿದುಕೊಳ್ಳುತ್ತದೆ. ಮೆಥೈಲ್ ಅಸಿಟೇಟ್ ಅನ್ನು ಅಷ್ಟು ಹಿಡಿಯುವುದಿಲ್ಲ. ಅಜಿಯೋಟ್ರೋಪ್ ಮುರಿಯಿತು! ಎಸ್ಟರ್ ಮೇಲೆ ಹೋಯಿತು, ನೀರು ಮತ್ತು ಮೆಥನಾಲ್ ಆಸಿಡ್ ಜೊತೆ ಕೆಳಗೆ ಇಳಿದವು. ಹಳೆಯ ಘಟಕದಲ್ಲಿ ಈ ಕೆಲಸಕ್ಕೆ ಹೊರಗಿನಿಂದ ಬೇರೆ ದ್ರಾವಕ ತಂದು, ಅದಕ್ಕೊಂದು ಕಾಲಂ, ಆ ದ್ರಾವಕವನ್ನು ಮರಳಿ ಪಡೆಯಲು ಇನ್ನೊಂದು ಕಾಲಂ ಅಂತ ಕಟ್ಟುತ್ತಿದ್ದರು. ಇಲ್ಲಿ ಹೇಗಿದ್ದರೂ ಒಳಗೆ ಹಾಕಲೇಬೇಕಾದ ಕಚ್ಚಾವಸ್ತುವೇ ಆ ಕೆಲಸ ಮಾಡಿಕೊಟ್ಟಿತು. ಅದನ್ನು ಮರಳಿ ಪಡೆಯುವ ಪ್ರಶ್ನೆಯೂ ಇಲ್ಲ, ಕೆಳಗೆ ಹೋಗಿ ಅದು ಎಸ್ಟರ್ ಆಗುತ್ತದೆ. ಅಸಿಟಿಕ್ ಆಸಿಡ್ ಬರುವ ಜಾಗಕ್ಕಿಂತ ಮೇಲಿರುವ ಟ್ರೇಗಳ ಕೆಲಸ ಎಸ್ಟರ್ ಜೊತೆ ಆಸಿಡ್ ಆವಿ ತಪ್ಪಿಸಿಕೊಂಡು ಹೋಗದಂತೆ ನೋಡಿಕೊಳ್ಳುವುದು. 57 ಮತ್ತು 118 ಡಿಗ್ರಿಯ ಅಂತರ ಇರುವುದರಿಂದ ಅದು ಸುಲಭ.

ಕೆಳಗಡೆ ಇನ್ನೂ ಚೆನ್ನಾಗಿದೆ. ನೀರು ಮತ್ತು ಅಸಿಟಿಕ್ ಆಸಿಡ್ ಬೇರ್ಪಡಿಸುವುದು ಎಲ್ಲಕ್ಕಿಂತ ಕಷ್ಟ ಅಂದೆನಲ್ಲ, ಈ ಕಾಲಂನಲ್ಲಿ ಆ ಕೆಲಸವನ್ನು ಯಾರೂ ಮಾಡುವುದೇ ಇಲ್ಲ. ಆಸಿಡ್ ಕೆಳಗೆ ತಲುಪುವ ಮೊದಲೇ ಮೆಥನಾಲ್ ಅದನ್ನು ಎಸ್ಟರ್ ಮಾಡಿ ಮೇಲಕ್ಕೆ ಕಳಿಸಿರುತ್ತದೆ. ಮೆಥನಾಲ್ ಬರುವ ಜಾಗಕ್ಕಿಂತ ಕೆಳಗೆ ಉಳಿಯುವುದು ನೀರು ಮತ್ತು ಮೆಥನಾಲ್, ಅವೆರಡನ್ನು ಬೇರೆ ಮಾಡುವುದು ಯಾವ ಡಿಸ್ಟಿಲರಿಯವರಿಗೂ ಭಯವಿಲ್ಲದ ಕೆಲಸ, ಯಾಕೆಂದರೆ ಅಲ್ಲಿ ಅಜಿಯೋಟ್ರೋಪ್ ಇಲ್ಲ. ಕಷ್ಟದ ಜೋಡಿಯಲ್ಲಿ ಒಂದನ್ನು ಕ್ರಿಯೆಯೇ ಮುಗಿಸಿಬಿಟ್ಟಿತು. ಬಟ್ಟಿ ಇಳಿಸಿ ಸಾಧಿಸಲು ಒದ್ದಾಡಬೇಕಾಗಿದ್ದನ್ನು ಕ್ರಿಯೆ ಮಾಡಿಕೊಟ್ಟಿತು, ಕ್ರಿಯೆ ತಾನಾಗಿ ದಾಟಲಾಗದ 70ರ ಗಡಿಯನ್ನು ಬಟ್ಟಿ ಇಳಿಸುವಿಕೆ ದಾಟಿಸಿತು.

ಅದೇ ಕಂಪನಿಯಲ್ಲಿದ್ದ ಜೆಫ್ರಿ ಸಿರೋಲಾ ಮುಂದೆ ಇದನ್ನು ವಿವರಿಸುವಾಗ ಯಂತ್ರಗಳ ಪಟ್ಟಿಯಿಂದ ಶುರು ಮಾಡಬೇಡಿ, ಆಗಬೇಕಾದ ಕೆಲಸಗಳ ಪಟ್ಟಿಯಿಂದ ಶುರು ಮಾಡಿ ಅನ್ನುವ ವಿಧಾನವನ್ನು ಮುಂದಿಟ್ಟರು. ರಿಯಾಕ್ಟರ್ ಎರಡು, ಕಾಲಂ ಎಂಟು ಅಂತ ಯೋಚಿಸಿದರೆ ಯಂತ್ರಗಳನ್ನು ಒಂದೊಂದಾಗಿ ಸುಧಾರಿಸುತ್ತಾ ಕೂರುತ್ತೀರಿ. ಎಸ್ಟರ್‌ನಿಂದ ನೀರು ಹೋಗಬೇಕು, ನೀರಿನಿಂದ ಆಸಿಡ್ ಹೋಗಬೇಕು ಅಂತ ಯೋಚಿಸಿದರೆ, ಆ ಆಸಿಡ್ ಹೋಗಲು ಬಟ್ಟಿಯೇ ಯಾಕೆ ಬೇಕು, ಮೆಥನಾಲ್ ಸಾಲದೇ ಅನ್ನುವ ಪ್ರಶ್ನೆ ಏಳುತ್ತದೆ.

ಹಳೆಯ ವಿನ್ಯಾಸಕ್ಕೆ ಹೋಲಿಸಿದರೆ ಬಂಡವಾಳವೂ ಶಕ್ತಿಯ ಖರ್ಚೂ ಸುಮಾರು ಐದನೇ ಒಂದು ಭಾಗಕ್ಕೆ ಇಳಿದವು ಅಂತ ಈಸ್ಟ್‌ಮನ್‌ನವರೇ ಪ್ರಕಟಿಸಿದ್ದಾರೆ. ಎರಡನ್ನೂ ಒಟ್ಟಿಗೆ ಇಳಿಸುವುದು ಅಪರೂಪ. ಸಾಮಾನ್ಯವಾಗಿ ಉಗಿ ಉಳಿಸಬೇಕು ಅಂದರೆ ಯಂತ್ರಕ್ಕೆ ಜಾಸ್ತಿ ದುಡ್ಡು ಹಾಕಬೇಕಾಗುತ್ತದೆ.

ನಡೆಸುವುದು ಸುಲಭವಲ್ಲ

ಒಂದೇ ಕಾಲಂ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಂತಲ್ಲ. ಹತ್ತು ಯಂತ್ರ ಇದ್ದಾಗ ಒಂದರ ತಪ್ಪನ್ನು ಇನ್ನೊಂದು ಸರಿಮಾಡುತ್ತಿತ್ತು. ಇಲ್ಲಿ ಆ ಅನುಕೂಲ ಇಲ್ಲ.

ಮೊದಲನೆಯದು ಸರಿಸಮ ಪ್ರಮಾಣ. ಇದನ್ನು ಅಂಕಿಗಳಲ್ಲೇ ನೋಡಿ. 1000 ಕೆ.ಜಿ. ಆಸಿಡ್‌ಗೆ 534 ಕೆ.ಜಿ. ಮೆಥನಾಲ್ ಹೋಗಬೇಕಾದ ಕಡೆ ಮೀಟರ್ ಶೇ. 1 ಜಾಸ್ತಿ ಬಿಟ್ಟಿತು ಅಂದುಕೊಳ್ಳಿ, 5 ಕೆ.ಜಿ. ಚಿಲ್ಲರೆ. ಜೋಡಿ ಆಸಿಡ್ ಇಲ್ಲದ ಆ ಮೆಥನಾಲ್ ಎಲ್ಲಿಗೆ ಹೋಗಬೇಕು? ಮೇಲೆ ಹೋದರೆ 1234 ಕೆ.ಜಿ. ಎಸ್ಟರ್‌ನಲ್ಲಿ ಶೇ. 0.4ಕ್ಕಿಂತ ಸ್ವಲ್ಪ ಜಾಸ್ತಿ ಮೆಥನಾಲ್ ಸೇರಿತು. ಶೇ. 99.5ರ ಶುದ್ಧತೆ ಬೇಕು ಅಂದವರಿಗೆ ಇದ್ದ ಅವಕಾಶವೆಲ್ಲ ಅಲ್ಲೇ ಮುಗಿದುಹೋಯಿತು. ಆಸಿಡ್ ಶೇ. 1 ಜಾಸ್ತಿಯಾದರೆ 10 ಕೆ.ಜಿ. ಕೆಳಗಿನ 300 ಕೆ.ಜಿ. ನೀರಿಗೆ ಬೀಳುತ್ತದೆ, ಅಂದರೆ ನೀರಿನಲ್ಲಿ ಶೇ. 3ಕ್ಕಿಂತ ಹೆಚ್ಚು ಆಸಿಡ್. ಆಸಿಡ್ ಹೋಯಿತು, ಆ ನೀರನ್ನು ಶುದ್ಧ ಮಾಡುವ ಖರ್ಚೂ ಬಂತು. ಕಾಲಂ ಇದನ್ನು ತಕ್ಷಣ ತೋರಿಸುವುದೂ ಇಲ್ಲ. ಒಳಗೆ ಅಷ್ಟೊಂದು ದ್ರವ ನಿಂತಿರುವುದರಿಂದ ತಪ್ಪು ಹೊರಗೆ ಕಾಣಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಕಾಣಿಸಿದ ಮೇಲೆ ಸರಿಯಾಗಲೂ ಅಷ್ಟೇ ಹೊತ್ತು.

ರಿಫ್ಲಕ್ಸ್‌ನದು ಇನ್ನೊಂದು ವಿಚಿತ್ರ. ಮೇಲೆ ತಣಿಸಿದ ಎಸ್ಟರ್‌ನಲ್ಲಿ ಒಂದು ಪಾಲನ್ನು ಮತ್ತೆ ಕಾಲಂಗೆ ಬಿಡುವುದಕ್ಕೆ ರಿಫ್ಲಕ್ಸ್ ಅನ್ನುತ್ತಾರೆ. ಮಾಮೂಲಿ ಕಾಲಂಗಳಲ್ಲಿ ಶುದ್ಧತೆ ಕಡಿಮೆಯಾದರೆ ಆಪರೇಟರ್ ಮಾಡುವ ಮೊದಲ ಕೆಲಸವೇ ಅದನ್ನು ಹೆಚ್ಚಿಸುವುದು. ಇಲ್ಲಿ ಹಾಗೆ ಮಾಡಿದರೆ ಕೈ ಸುಡುತ್ತದೆ. ರಿಫ್ಲಕ್ಸ್ ಕಡಿಮೆಯಾದರೆ ಆಸಿಡ್ ಮೇಲೆ ಹಾರುತ್ತದೆ, ಅದು ನಿಜ. ಆದರೆ ಜಾಸ್ತಿಯಾದರೆ ಇಳಿದು ಬಂದ ಎಸ್ಟರ್ ಆಸಿಡ್ ಅನ್ನು ತೆಳುವಾಗಿಸುತ್ತದೆ, ನೀರು ಹಿಡಿಯುವ ಅದರ ಶಕ್ತಿ ಕುಂದುತ್ತದೆ, ಎಸ್ಟರ್ ಕ್ರಿಯೆಯ ಭಾಗಕ್ಕೆ ವಾಪಸ್ ಬಂದು ನೀರಿನ ಜೊತೆ ಸೇರಿ ಮತ್ತೆ ಆಸಿಡ್ ಮತ್ತು ಮೆಥನಾಲ್ ಆಗುತ್ತದೆ. ತೆಗೆದಿದ್ದ ಉತ್ಪನ್ನವನ್ನು ನಾವೇ ವಾಪಸ್ ತಂದು ಸಮತೋಲನಕ್ಕೆ ಕೊಟ್ಟ ಹಾಗೆ. ಹಾಗಾಗಿ ನಡುವಿನ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ ಕಾಲಂ ಚೆನ್ನಾಗಿ ಓಡುತ್ತದೆ.

ಸಮಯದ ಪ್ರಶ್ನೆಯೂ ಇತ್ತು. ಮಾಮೂಲಿ ಟ್ರೇಯಲ್ಲಿ ದ್ರವ ಕೆಲವೇ ಸೆಕೆಂಡ್ ನಿಂತು ಕೆಳಗಿನ ಟ್ರೇಗೆ ಬೀಳುತ್ತದೆ. ಸಲ್ಫ್ಯೂರಿಕ್ ಆಸಿಡ್ ಇದ್ದರೂ ಈ ಕ್ರಿಯೆಗೆ ಅಷ್ಟು ಸಾಲದು. ಹಾಗಾಗಿ ಕ್ರಿಯೆಯ ಭಾಗದ ಟ್ರೇಗಳಲ್ಲಿ ದ್ರವ ಆಳವಾಗಿ ನಿಂತು ಜಾಸ್ತಿ ಹೊತ್ತು ಇರುವ ಹಾಗೆ ವಿನ್ಯಾಸ ಮಾಡಿದರು. ಬಿಸಿ ಸಲ್ಫ್ಯೂರಿಕ್ ಆಸಿಡ್, ಅಸಿಟಿಕ್ ಆಸಿಡ್, ನೀರು ಮೂರೂ ಸೇರಿರುವ ಕಡೆ ಸಾಧಾರಣ ಸ್ಟೀಲ್ ಬಾಳುವುದಿಲ್ಲ, ದುಬಾರಿ ಮಿಶ್ರಲೋಹ ಬೇಕು. ಒಂದೇ ಕಾಲಂ ಆಗಿದ್ದರಿಂದ ಆ ದುಬಾರಿ ಲೋಹದ ಬೆಲೆ ಒಂದೇ ಕಡೆ ಕಟ್ಟಿದರೆ ಸಾಕಾಯಿತು.

ಕಲ್ಮಶದ ವಿಷಯ ಪ್ರಯೋಗಾಲಯದ ಶುದ್ಧ ರಾಸಾಯನಿಕಗಳಲ್ಲಿ ಗೊತ್ತಾಗುವುದೇ ಇಲ್ಲ. ಕಾರ್ಖಾನೆಯ ಆಸಿಡ್‌ನಲ್ಲಿ, ಮೆಥನಾಲ್‌ನಲ್ಲಿ ಬೇರೆ ಆಮ್ಲ, ಬೇರೆ ಆಲ್ಕೋಹಾಲ್‌ಗಳು ತುಸು ಇದ್ದೇ ಇರುತ್ತವೆ, ಅವೂ ಎಸ್ಟರ್ ಆಗುತ್ತವೆ. ಅವುಗಳ ಕುದಿಬಿಂದು ನಡುವಿನದು. ಮೇಲೆ ಹೋಗುವಷ್ಟು ಹಗುರವಲ್ಲ, ಕೆಳಗೆ ಹೋಗುವಷ್ಟು ಭಾರವಲ್ಲ. ಕಾಲಂನ ಹೊಟ್ಟೆಯಲ್ಲೇ ದಿನೇ ದಿನೇ ಸೇರುತ್ತಾ ಹೋಗುತ್ತವೆ. ಅದಕ್ಕಾಗಿ ಮಧ್ಯದಿಂದ ಸ್ವಲ್ಪ ಹರಿವನ್ನು ಪಕ್ಕಕ್ಕೆ ಎಳೆದು, ಕಲ್ಮಶ ತೆಗೆದು ವಾಪಸ್ ಬಿಡುವ ಸಣ್ಣ ವ್ಯವಸ್ಥೆ ಇದೆ. ಹಾಗಾಗಿ "ಒಂದೇ ಕಾಲಂ" ಅನ್ನುವಾಗ ಈ ಪಕ್ಕದ ಜೋಡಣೆಯನ್ನೂ ನೆನಪಿಡಬೇಕು. ಎಲ್ಲ ಕಡೆ ಇದನ್ನು ಬಿಟ್ಟು ಚಿತ್ರ ಬರೆಯುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಇದೇ ಉಪಾಯ ಬೇರೆ ಕಡೆ ನಡೆಯುತ್ತಾ?

ಎಲ್ಲ ಕಡೆ ನಡೆಯುವುದಿಲ್ಲ. ಅಮೋನಿಯಾ ತೆಗೆದುಕೊಳ್ಳಿ. ಅದೂ ಸಮತೋಲನದಲ್ಲಿ ನಿಲ್ಲುವ ಕ್ರಿಯೆ, ಒಂದು ಸುತ್ತಿಗೆ ಶೇ. 15ರ ಆಸುಪಾಸು ಮಾತ್ರ ಅಮೋನಿಯಾ ಆಗುತ್ತದೆ. ಅಲ್ಲೂ ಉತ್ಪನ್ನವನ್ನು ತೆಗೆಯುತ್ತಾರೆ, ತಣಿಸಿ ದ್ರವ ಮಾಡಿ. ಆದರೆ ಕ್ರಿಯೆಗೆ ಬೇಕಾದದ್ದು 400ರಿಂದ 500 ಡಿಗ್ರಿ, ಅಮೋನಿಯಾ ದ್ರವವಾಗಲು ಬೇಕಾದದ್ದು ತಂಪು. ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾಡಲಾಗದು. ಹಾಗಾಗಿ ಬೇರೆ ಕಡೆ ತಣಿಸಿ, ಉಳಿದ ಅನಿಲವನ್ನು ಸುತ್ತು ಹಾಕಿಸುತ್ತಾರೆ. ಮೆಥೈಲ್ ಅಸಿಟೇಟ್‌ನಲ್ಲಿ ಕ್ರಿಯೆ ಚೆನ್ನಾಗಿ ನಡೆಯುವ ಶಾಖ ಮತ್ತು ಬಟ್ಟಿ ಇಳಿಯುವ ಶಾಖ ಒಂದರ ಮೇಲೊಂದು ಬಂದವು. ಅದು ಅದೃಷ್ಟವೇ ಸರಿ.

ನಮ್ಮ ಕಡೆಯವರಿಗೆ ಹತ್ತಿರದ ಪ್ರಶ್ನೆ ಈಥೈಲ್ ಅಸಿಟೇಟ್‌ನದು. ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿಯಿಂದ ಎಥನಾಲ್ ಬರುತ್ತದೆ. ಎಥನಾಲ್‌ಗೆ ಅಸಿಟಿಕ್ ಆಸಿಡ್ ಸೇರಿಸಿದರೆ ಬಣ್ಣ, ಶಾಯಿಗಳಿಗೆ ಬೇಕಾದ ಈಥೈಲ್ ಅಸಿಟೇಟ್. ಮೆಥನಾಲ್ ಬದಲು ಎಥನಾಲ್, ಒಂದು ಕಾರ್ಬನ್ ಜಾಸ್ತಿ, ಅಷ್ಟೇ ತಾನೇ? ಈಸ್ಟ್‌ಮನ್ ಕಾಲಂ ಅನ್ನೇ ನಕಲು ಮಾಡಿದರಾಯಿತು ಅನ್ನಿಸುತ್ತದೆ. ಆದರೆ ಕುದಿಬಿಂದು ನೋಡಿ: ಈಥೈಲ್ ಅಸಿಟೇಟ್ 77.1, ಎಥನಾಲ್ 78.3. ಒಂದು ಡಿಗ್ರಿಯ ಅಂತರ. ಮೆಥನಾಲ್ ವಿಷಯದಲ್ಲಿ ಎಸ್ಟರ್ ಮೇಲೆ ಹೋಗುತ್ತಿತ್ತು, ಮೆಥನಾಲ್ ಕ್ರಿಯೆಯ ಭಾಗದಲ್ಲಿ ಸಾಕಷ್ಟು ಹೊತ್ತು ಸಿಗುತ್ತಿತ್ತು. ಇಲ್ಲಿ ಎಥನಾಲ್ ಎಸ್ಟರ್ ಜೊತೆಯೇ ಎದ್ದು ಹೊರಟುಬಿಡುತ್ತದೆ, ಆಸಿಡ್‌ಗೆ ಜೋಡಿ ಸಿಗುವುದಿಲ್ಲ. ಸಾಲದ್ದಕ್ಕೆ ಎಥನಾಲ್ ಮತ್ತು ನೀರಿನ ನಡುವೆಯೂ ಅಜಿಯೋಟ್ರೋಪ್ ಇದೆ, ಹಾಗಾಗಿ ಕೆಳಗಿನ ನೀರು-ಆಲ್ಕೋಹಾಲ್ ಭಾಗವೂ ಮೆಥನಾಲ್‌ನಷ್ಟು ಸಲೀಸಲ್ಲ. ಎಸ್ಟರ್, ಎಥನಾಲ್, ನೀರು ಮೂರೂ ಸೇರಿದ ಅಜಿಯೋಟ್ರೋಪ್ ಇನ್ನೊಂದಿದೆ, ಅದು ಸುಮಾರು 70 ಡಿಗ್ರಿಯಲ್ಲೇ ಕುದಿಯುತ್ತದೆ, ಎಲ್ಲಕ್ಕಿಂತ ಮೊದಲು ಮೇಲೆ ಬರುವುದು ಅದೇ. ಸಮತೋಲನವೂ ಸ್ವಲ್ಪ ಕಡಿಮೆ. ಸ್ಥಿರಾಂಕ ಸುಮಾರು 4, ಸರಿಸಮ ಹಾಕಿದರೆ ಮೂರರಲ್ಲಿ ಎರಡು ಪಾಲಿಗೆ ನಿಲ್ಲುತ್ತದೆ. ಫ್ರಾನ್ಸಿನ ಬರ್ಥೆಲೊ ಈ ಕ್ರಿಯೆಯನ್ನೇ ಅಳೆದು 1862ರಲ್ಲಿ ಪ್ರಕಟಿಸಿದ್ದು ಕೂಡ ಅದೇ ಮೂರರಲ್ಲಿ ಎರಡು.

ಹಾಗಾಗಿ ಈಥೈಲ್ ಅಸಿಟೇಟ್ ಮಾಡುವವರು ಹಿಡಿಯುವ ದಾರಿ ಬೇರೆ. ಆ ಮೂರರ ಅಜಿಯೋಟ್ರೋಪ್ ಅನ್ನು ಮೇಲೆ ಬರಲು ಬಿಡುತ್ತಾರೆ, ಅದರ ಜೊತೆ ಕ್ರಿಯೆಯ ನೀರೂ ಹೊರಗೆ ಬರುತ್ತದೆ. ಅದನ್ನು ತಣಿಸಿ, ನೀರು ಸೇರಿಸಿ ಡಿಕ್ಯಾಂಟರ್‌ನಲ್ಲಿ ನಿಲ್ಲಿಸಿದರೆ ಎರಡು ಪದರ ಆಗುತ್ತದೆ. ಮೇಲಿನ ಪದರದಲ್ಲಿ ಎಸ್ಟರ್, ಕೆಳಗಿನ ನೀರಿಗೆ ಎಥನಾಲ್‌ನ ಹೆಚ್ಚಿನ ಪಾಲು ಸೇರುತ್ತದೆ. ಮೇಲಿನ ಪದರವನ್ನು ಇನ್ನೊಂದು ಕಾಲಂನಲ್ಲಿ ಒಣಗಿಸುತ್ತಾರೆ, ಕೆಳಗಿನದರಿಂದ ಎಥನಾಲ್ ತೆಗೆದು ಮತ್ತೆ ಮೊದಲಿಗೆ ಕಳಿಸುತ್ತಾರೆ. ಒಂದು ಕಾಲಂನಲ್ಲಿ ಮುಗಿಯುವುದಿಲ್ಲ, ಎರಡು ಮೂರು ಬೇಕೇ ಬೇಕು. ಬಟ್ಟಿಗೆ ಆಗದ ಬೇರ್ಪಡಿಸುವಿಕೆಯನ್ನು ಕಿಂಗ್ಸ್‌ಪೋರ್ಟ್‌ನಲ್ಲಿ ಕಚ್ಚಾವಸ್ತುವಾದ ಆಸಿಡ್ ಮಾಡಿತು. ಇಲ್ಲಿ ಆ ಕೆಲಸ ಡಿಕ್ಯಾಂಟರ್‌ನಲ್ಲಿ ನಿಲ್ಲಿಸಿದ ನೀರಿನದು.